ನನ್ನ ಕುರ್ಚಿಯಲ್ಲಿ ಕೂತವರು

ಭಾನುವಾರ ಮಧ್ಯಾಹ್ನ ಜಕ್ಕೂರಿನ ಮನೆಯಿಂದಲೇ ಯಶವಂತಪುರದ ಆಫೀಸಿನ ನನ್ನ ಕಂಪ್ಯೂಟರಿಗೆ ರಿಮೋಟ್ ಕನೆಕ್ಷನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಸಂಪರ್ಕ ಕಡಿದುಹೋಯಿತು. ಅಲ್ಲಿ ಬೇರೆ ಯಾರೋ ಲಾಗಿನ್ ಆಗಿದ್ದಾರೆಂದು ಪರದೆ ಹೇಳಿತು. ಮತ್ತೆ ಜೋಡಿಸಿದೆ, ಮತ್ತೆ ಹೊರದಬ್ಬಿತು.

ವಾಚ್‌ಮನ್ ಮುನಿರಾಮಯ್ಯನವರಿಗೆ ಫೋನ್ ಮಾಡಿದೆ. ಅವರು ಬೀಗ ತೆಗೆದು ಒಳಗೆ ಹೋಗಿ ನೋಡಿದರು.

“ಯಾರೂ ಇಲ್ಲ ಪ್ರತಿಭಮ್ಮ. ಬೆಳಗ್ಗಿಂದ ಕರೆಂಟೇ ಇಲ್ಲ, ಕಂಪ್ಯೂಟ್ರು ಆಫ್ ಆಗೈತೆ. ಆದ್ರೆ ನಿಮ್ ಕುರ್ಚಿ, ಈಗ್ತಾನೇ ಯಾರೋ ಎದ್ದೋದಂಗೆ ಬಿಸಿಯಾಗೈತೆ. ನೀವ್ ಬರ್ಬೇಡಿ.”

“ಆಫಾಗಿದ್ರೆ ಇಷ್ಟೊತ್ತು ನಾನ್ ಕೆಲ್ಸ ಮಾಡಿದ್ದು ಯಾವುದ್ರಲ್ಲಿ? ಏನೇ ಇರ್ಲಿ, ಅದು ನನ್ ಕುರ್ಚಿರೀ. ಯಾರಿಗೂ ಬಿಟ್ಟುಕೊಡಂಗಿಲ್ಲ,” ಎಂದು ಬಸ್ಸು ಹತ್ತಿದೆ.

ನಾನು ಹೋದಾಗಲೂ ಕುರ್ಚಿ ಬಿಸಿಯಾಗಿಯೇ ಇತ್ತು. ನಾನು ಬಲಗಡೆ ಇಡುವ ಮೌಸ್ ಎಡಗಡೆಗೆ ಹೋಗಿತ್ತು; ಬಲಕ್ಕೆ ಎಳೆದುಕೊಂಡು ಕುರ್ಚಿಯತ್ತ ತಿರುಗಿದೆ. ಅದರ ಮೇಲೇ ಕೂತೆ. ಬೆನ್ನು ಬೆವರಿತು, ಏಳಲಿಲ್ಲ. ಸಂಜೆಯ ಹೊತ್ತಿಗೆ ಬಿಸಿ ಆರಿತು.

ಮೌಸ್ ಮಾತ್ರ ಈಗಲೂ ದಿನಾ ಬೆಳಿಗ್ಗೆ ಎಡಗಡೆಗೆ ಹೋಗಿರುತ್ತದೆ. ನಾನೂ ದಿನಾ ಬಲಕ್ಕೆ ಎಳೆದುಕೊಳ್ಳುತ್ತೇನೆ.