ಹುಳಿಮಾರನ ಮೂರು ಗುಡಾಣಗಳು

ಬಹಳ ಹಿಂದೆ, ಕಲ್ಲುಗಳೂ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ ಕಾಲದಲ್ಲಿ, ರಸಾವತಿ ಎಂಬ ರಾಜ್ಯವಿತ್ತು. ಅಲ್ಲಿನವರಿಗೆ ಅರಮನೆ ಎಷ್ಟು ಮುಖ್ಯವೋ ರಸಶಾಲೆಯೂ ಅಷ್ಟೇ ಮುಖ್ಯ. ಬಟ್ಟೆಗೆ ಬಣ್ಣ, ಗಾಯಕ್ಕೆ ಮುಲಾಮು, ಪಾತ್ರೆಗೆ ಕಲಾಯಿ ಎಲ್ಲವೂ ಅಲ್ಲಿಂದಲೇ ಬರಬೇಕು. ಆ ರಸಶಾಲೆಯ ಒಡತಿ ಚೆಲುವಾಜಮ್ಮ. ಊರಿಗೆಲ್ಲ ಆಕೆ ಅಜ್ಜಿ.

ಅಜ್ಜಿಯ ಬಳಿ ಕಲಿಯುತ್ತಿದ್ದವರಲ್ಲಿ ದೇವೀರಿಯೂ ಒಬ್ಬಳು. ತಂದೆತಾಯಿ ಇಲ್ಲದ ಅವಳನ್ನು ಅಜ್ಜಿಯೇ ಸಾಕಿದ್ದಳು. ದೇವೀರಿಗೆ ನಾಚಿಕೆ ಬಹಳ. ಅವಳು ಮಾತಾಡಿದರೆ ಪಕ್ಕದಲ್ಲಿ ಕೂತವರೂ "ಏನಂದೆ?" ಎಂದು ಕೇಳಬೇಕು. "ನಮ್ಮ ದೇವೀರಿ ಬೈದರೆ ಸೊಳ್ಳೆಗೂ ಬೇಜಾರಾಗಲ್ಲ" ಎಂದು ಜೊತೆಯವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಬಾಯಿ ಸುಮ್ಮನಿದ್ದರೂ ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ. ಯಾವ ಮಡಕೆ ಯಾವಾಗ ಉಕ್ಕುತ್ತದೆ, ಯಾವ ಬಣ್ಣ ಯಾವಾಗ ತಿರುಗುತ್ತದೆ, ಎಲ್ಲವನ್ನೂ ನೋಡಿಟ್ಟುಕೊಳ್ಳುತ್ತಿತ್ತು.

ಆ ಊರಿನಲ್ಲೊಂದು ಪದ್ಧತಿ. ಬೆಳಿಗ್ಗೆ ನದಿಯ ತೂಬು ತೆಗೆಯುವ ಮೊದಲು ರಸಶಾಲೆಯವರೊಬ್ಬರು ಒಂದು ಗುಟುಕು ನೀರು ಕುಡಿದು ನೋಡಬೇಕು. ಅವರು "ಸರಿ" ಎಂದಮೇಲೆಯೇ ಊರಿಗೆ ನೀರು.

ಅವತ್ತು ಸರದಿ ದೇವೀರಿಯದು. ಬಟ್ಟಲು ತುಟಿಯ ಹತ್ತಿರ ಬಂದಿತ್ತು. ಏನೋ ಅನುಮಾನಗೊಂಡ ಅಜ್ಜಿ ಓಡಿಬಂದು ಬಟ್ಟಲು ಕಿತ್ತುಕೊಂಡು, ಕುಡಿಯದೆ ತಿಳಿಯದೆಂದು ತಾನೇ ಕುಡಿದುಬಿಟ್ಟಳು.

"ತೂಬು ತೆಗೀಬೇಡಿ!" ಎಂದು ಕೂಗಿದಳು ಅಜ್ಜಿ. ಅಷ್ಟರಲ್ಲೇ ಅವಳ ಬೆರಳ ತುದಿಗಳು ನೀಲಿಯಾದವು. ಮೈಲುತುತ್ತದ ಹರಳಿನಂತೆ ಹೊಳೆದು ಕಲ್ಲಾದವು.

ಊರು ಉಳಿಯಿತು. ಅಜ್ಜಿಯ ಕೈ ಮಾತ್ರ ದಿನದಿನಕ್ಕೆ ಕಲ್ಲಾಗುತ್ತ ಹೋಯಿತು. ದೇವೀರಿ ಅರಿಶಿನ ಅರೆದು ಹಚ್ಚಿದಳು, ಅವಳ ಸೆರಗೆಲ್ಲ ಹಳದಿಯಾಯಿತೇ ಹೊರತು ನೀಲಿ ಇಳಿಯಲಿಲ್ಲ.

"ಇದು ಹುಳಿಮಾರನ ಕೆಲಸ ಕಣೇ" ಎಂದಳು ಅಜ್ಜಿ. "ನದಿ ಹುಟ್ಟೋ ಬೆಟ್ಟದ ಮೇಲೆ ಕಬ್ಬಿಣವನ್ನೂ ಕರಗಿಸೋ ಹುಳಿಯ ಕೊಪ್ಪರಿಗೆ ಇಟ್ಟಿದ್ದಾನೆ ಆ ಮಾಂತ್ರಿಕ. ಬಾಯಾರಿದವರೆಲ್ಲ ತನ್ನ ಕಾಲು ಹಿಡೀಲಿ ಅಂತ. ನದಿಯ ಬುಗ್ಗೆಗೆ, ಆ ಊಟೆಗೆ ಬಿದ್ದ ಹುಳಿ ಅಡಗಿದರೆ ಶಾಪವೂ ಅಡಗುತ್ತೆ. ನೀಲಿ ನನ್ನ ಎದೆ ಮುಟ್ಟಿದರೆ ಮಾತ್ರ ಯಾರ ಕೈಲೂ ಆಗಲ್ಲ."

ರಾಜ ಕಳಿಸಿದ ಸೈನಿಕರು ಕತ್ತಿ ಕಳೆದುಕೊಂಡು ವಾಪಸು ಬಂದರು. ಹುಳಿಯ ಹನಿ ತಾಗಿ ಕತ್ತಿಗಳೆಲ್ಲ ಕರಗಿಹೋಗಿದ್ದವು. ರಾಜ ಊರಿನ ಸಭೆ ಕರೆದ.

"ನಾನು ಹೋಗ್ತೀನಿ" ಎಂದಳು ದೇವೀರಿ.

"ಏನಂದೆ?" ಎಂದಿತು ಸಭೆ.

"ಹೋಗ್ತೀನಿ ಅಂದಳು" ಎಂದಳು ಅಜ್ಜಿ. "ಹೋಗಿ ಬಾ ಕಂದ."

ಒಂದು ಉಂಡೆ ಹುಣಸೆಹಣ್ಣು, ಒಂದು ಕುಡಿಕೆ ಹರಳೆಣ್ಣೆ, ಒಂದು ದೀಪ. ಇಷ್ಟನ್ನು ಗಂಟು ಕಟ್ಟಿಕೊಂಡು ದೇವೀರಿ ಹೊರಟಳು.

ಬೆಟ್ಟದ ಬುಡದಲ್ಲಿ ಕಬ್ಬಿಣದ ಆನೆಯೊಂದು ದಾರಿಗೆ ಅಡ್ಡ ನಿಂತಿತ್ತು. ಕೊಪ್ಪರಿಗೆಯ ಹುಳಿಹೊಗೆ ತಾಗಿ ಮೈಯೆಲ್ಲ ತುಕ್ಕು. ಹೆಜ್ಜೆ ಎತ್ತಿದರೆ ಕಿರ್ರೋ ಎನ್ನುತ್ತಿತ್ತು.

"ಬಂದವರನ್ನೆಲ್ಲ ತುಳೀತೀನಿ" ಎಂದಿತು ಆನೆ.

"ನೋವಾ ಆನೆಯಣ್ಣ?" ಎಂದು ಕೇಳಿದಳು ದೇವೀರಿ.

ಆನೆ ತಬ್ಬಿಬ್ಬಾಯಿತು. ಅದನ್ನು ಯಾರೂ ಹಾಗೆ ಕೇಳಿರಲಿಲ್ಲ. "ಕೀಲುಕೀಲೂ ನೋವು ಕಣಮ್ಮ" ಎಂದು ಅತ್ತೇಬಿಟ್ಟಿತು.

ದೇವೀರಿ ಹುಣಸೆಹಣ್ಣು ಕಿವುಚಿ ಕೀಲುಗಳಿಗೆ ತಿಕ್ಕಿದಳು.

"ಅಯ್ಯೋ, ಮತ್ತೆ ಹುಳಿನಾ?" ಎಂದು ಆನೆ ಬೆಚ್ಚಿತು.

"ಹೆದರಬೇಡ. ಇದು ಪಾತ್ರೆ ಬೆಳಗೋ ಹುಳಿ."

ತುಕ್ಕು ಇಳಿಯಿತು. ತೊಳೆದು, ಒರೆಸಿ, ಹರಳೆಣ್ಣೆ ಬಿಟ್ಟಳು. ಆನೆ ಸದ್ದಿಲ್ಲದೆ ಮಂಡಿಯೂರಿ, "ಬೆನ್ನ ಮೇಲೆ ಹತ್ತು ತಾಯಿ, ಇನ್ನು ನೀನು ನಡೆದರೆ ನನಗೆ ಅವಮಾನ" ಎಂದಿತು.

ಬೆಟ್ಟದ ನಡುವೆ ಒಂದು ಗುಹೆ. ಅದರ ನೆಲದ ಮೇಲೆ ಗಾಳಿಯ ಹಾವು ಮಲಗಿತ್ತು. ಅದು ಕಣ್ಣಿಗೆ ಕಾಣದು, ಕಚ್ಚದು. ದಣಿದವರು ಕೂತರೆ ಉಸಿರು ಕುಡಿದುಬಿಡುತ್ತಿತ್ತು.

"ಸುಸ್ತಾಗಿದೀಯ ಮಗಳೇ, ಇಳಿದು ಒಂದು ಗಳಿಗೆ ಕೂತ್ಕೋ" ಎಂದು ಅದು ತಣ್ಣಗೆ ಕರೆಯಿತು.

ದೇವೀರಿಗೆ ನಿಜವಾಗಿಯೂ ಸುಸ್ತಾಗಿತ್ತು. ಆದರೂ ನೆಲದಡಿಯ ಧಾನ್ಯದ ಹಗೇವಿಗೆ ಇಳಿಯುವ ಮೊದಲು ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ಅಜ್ಜಿ ನೋಡುತ್ತಿದ್ದ ಹಾಗೆ ದೀಪವನ್ನು ದಾರಕ್ಕೆ ಕಟ್ಟಿ ಕೆಳಗೆ ಇಳಿಬಿಟ್ಟಳು. ನೆಲದ ಹತ್ತಿರ ಹೋದದ್ದೇ ದೀಪ ಪಕ್ಕನೆ ಆರಿತು.

"ಬೇಡ, ನಾನು ಮೇಲೇ ಇರ್ತೀನಿ" ಎಂದಳು.

ಆನೆಯ ಬೆನ್ನು ಎತ್ತರ. ಕಬ್ಬಿಣಕ್ಕೆ ಉಸಿರಿನ ಹಂಗಿಲ್ಲ. ಹಾವಿನ ಮೇಲೆಯೇ ಕಾಲಿಡುತ್ತ ಅದು ಗುಹೆ ದಾಟಿತು. ದೇವೀರಿ ಕತ್ತಲಲ್ಲಿ ಅದರ ಕಿವಿ ಹಿಡಿದುಕೊಂಡು ದಾರಿಯುದ್ದಕ್ಕೂ ಅಜ್ಜಿಯನ್ನು ನೆನೆದಳು. ಅಜ್ಜಿ ಆ ದೀಪ ಇಳಿಬಿಡುವಾಗ ತಾನು ಎಷ್ಟು ಸಲ ಬೇಸರದಿಂದ ಆಕಳಿಸಿದ್ದೆನಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

ಬೆಟ್ಟದ ತುದಿಯಲ್ಲಿ ಕೊಪ್ಪರಿಗೆ ಹೊಗೆಯಾಡುತ್ತಿತ್ತು. ಅದರಿಂದ ಹುಳಿ ತೊಟ್ಟಿಕ್ಕಿ ನದಿಯ ಊಟೆಗೆ ಬೀಳುತ್ತಿತ್ತು. ಪಕ್ಕದಲ್ಲಿ ಹುಳಿಮಾರ ಕಾಲಮೇಲೆ ಕಾಲು ಹಾಕಿ ಕೂತಿದ್ದ.

"ಸೈನ್ಯ ಮುಗೀತು, ಈಗ ಪೋರಿ ಕಳಿಸಿದ್ರಾ?" ಎಂದು ನಕ್ಕ. "ನೋಡು, ಮೂರು ಗುಡಾಣ. ಒಂದರಲ್ಲಿ ನೀರು, ಒಂದರಲ್ಲಿ ಹುಳಿ, ಒಂದರಲ್ಲಿ ಹುಳಿಯನ್ನು ಕೊಲ್ಲೋ ಮಾಯೆಯ ಸುಣ್ಣದ ತಿಳಿ. ಯಾವುದು ಯಾವುದು ಹೇಳಿದರೆ ಸುಣ್ಣದ ತಿಳಿ ನಿನ್ನದು. ತಪ್ಪಿದರೆ ನೀನು ನನ್ನ ಅಂಗಳದ ನೀಲಿ ಬೊಂಬೆ."

ಮೂರೂ ನೋಡಲು ಒಂದೇ ತಿಳಿ. ಬಣ್ಣವಿಲ್ಲ, ವಾಸನೆಯಿಲ್ಲ.

ದೇವೀರಿ ತನ್ನ ಸೆರಗು ನೋಡಿಕೊಂಡಳು. ಅಜ್ಜಿಯ ಕೈಗೆ ಹಚ್ಚಿದ ಅರಿಶಿನ ಅದರಲ್ಲಿ ಹಾಗೇ ಇತ್ತು. ಆರತಿಯ ನೀರು ಕೆಂಪಾಗುವುದು ಹೇಗೆಂದು ಅವಳಿಗೆ ಗೊತ್ತು. ಸೆರಗಿನ ತುದಿಯನ್ನು ಮೊದಲ ಗುಡಾಣಕ್ಕೆ ಅದ್ದಿದಳು, ಹಳದಿ. ಎರಡನೆಯದಕ್ಕೆ ಅದ್ದಿದಳು, ಹಳದಿ. ಮೂರನೆಯದಕ್ಕೆ ಅದ್ದಿದಳು, ಕುಂಕುಮದಂಥ ಕೆಂಪು!

"ಇದು ಸುಣ್ಣ."

"ಮಿಕ್ಕ ಎರಡು?"

ಆ ಕೆಂಪು ತುದಿಯನ್ನೇ ಮತ್ತೆ ಮೊದಲನೆಯದಕ್ಕೆ ಅದ್ದಿದಳು. ಕೆಂಪು ಓಡಿಹೋಗಿ ಹಳದಿ ಮರಳಿತು. "ಇದು ಹುಳಿ. ಉಳಿದದ್ದು ನೀರು."

ಹುಳಿಮಾರನ ನಗು ನಿಂತಿತು. ದೇವೀರಿ ಸುಣ್ಣದ ತಿಳಿಯನ್ನು ಊಟೆಗೆ ಸ್ವಲ್ಪ ಸ್ವಲ್ಪವೇ ಬಿಟ್ಟಳು. ಬಿಡುವುದು, ಸೆರಗು ಅದ್ದಿ ನೋಡುವುದು, ಮತ್ತೆ ಬಿಡುವುದು. ಸುಣ್ಣ ಹೆಚ್ಚಾದರೂ ಮೀನು ಬದುಕದು.

ತನ್ನ ಹುಳಿ ಅಡಗುವುದನ್ನು ಕಂಡು ಹುಳಿಮಾರ ಕೆರಳಿದ. ಕೊಪ್ಪರಿಗೆಯನ್ನೇ ಉಕ್ಕಿಸಿ ನದಿಗೆ ಹರಿಸುತ್ತೇನೆಂದು ನೀರಿನ ಗುಡಾಣ ಎತ್ತಿದ.

"ಬೇಡ! ಹುಳಿಗೆ ನೀರು ಸುರೀಬೇಡಿ! ಸಿಡಿಯುತ್ತೆ!"

ಬೆಟ್ಟವೇ ಅದುರುವಂಥ ಕೂಗು. ಅದು ತನ್ನದೇ ಎಂದು ದೇವೀರಿಗೆ ನಂಬಿಕೆಯಾಗಲಿಲ್ಲ. ಹಗೆಯೇ ಆದರೂ ಒಬ್ಬ ಮನುಷ್ಯ ಆ ತಪ್ಪು ಮಾಡುವುದನ್ನು ನೋಡುತ್ತ ನಿಲ್ಲಲು ರಸಶಾಲೆಯ ಹುಡುಗಿಯಿಂದ ಆಗದು.

ಅವನು ಕೇಳಲಿಲ್ಲ, ಸುರಿದ. ಕೊಪ್ಪರಿಗೆ ಭುಗ್ಗೆಂದು ಕುದಿದು, ಸಿಡಿದು, ಎರಡು ಹೋಳಾಯಿತು. ಆನೆ ಅಡ್ಡ ನಿಂತು ದೇವೀರಿಯನ್ನು ಕಾಯಿತು. ಹುಳಿಯೆಲ್ಲ ಹುಳಿಮಾರನ ಮೈಮೇಲೆ ಬಿದ್ದು, ಅವನು ಕುತ್ತಿಗೆಯವರೆಗೂ ನೀಲಿ ಹರಳಾದ.

ದೇವೀರಿ ಮೊದಲು ಊಟೆಯ ಕೆಲಸ ಮುಗಿಸಿದಳು. ಆಮೇಲೆ ಗುಡಾಣದ ತಳದಲ್ಲಿ ಉಳಿದದ್ದನ್ನು ಬಳಿದು ಅವನ ಮೇಲೆ ಬಿಟ್ಟಳು. ನೀಲಿ ಇಳಿಯಿತು. ಜೊತೆಗೆ ಮಾಯೆಯೂ ಇಳಿದುಹೋಯಿತು. ಉಳಿದದ್ದು ಒಬ್ಬ ಸಾಮಾನ್ಯ ಮುದುಕ.

"ನನ್ನನ್ಯಾಕೆ ಉಳಿಸಿದೆ?" ಎಂದು ಅವನು ಕೇಳಿದ.

"ನನಗೆ ಕಲಿಸೋಕೆ ಅಜ್ಜಿ ಇದ್ದಳು. ನಿಮಗೆ ಯಾರೂ ಇರಲಿಲ್ವೇನೋ" ಎಂದಳು.

ಆನೆಯ ಮೇಲೆ ಇಬ್ಬರೂ ಊರಿಗೆ ಬಂದಾಗ ನೀಲಿ ಅಜ್ಜಿಯ ಭುಜದಿಂದ ಜಾರಿ, ಮೊಣಕೈ ದಾಟಿ, ಕೊನೆಯ ಉಗುರನ್ನೂ ಬಿಟ್ಟಿತ್ತು. ದೇವೀರಿ ಅಳುತ್ತ ಕಾಲಿಗೆ ಬೀಳಹೋದಳು. ಅಜ್ಜಿ ಅವಳನ್ನು ತಡೆದು, ತನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡು, "ಅಳೋದು ಆಮೇಲೆ. ಊಟ ಮಾಡಿದ್ಯೇನೇ?" ಎಂದಳು.

ದೊಡ್ಡ ಬೋಗುಣಿ ತುಂಬ ಮೊಸರನ್ನ ಕಲಸಿದಳು ಅಜ್ಜಿ. ಮೊದಲ ತುತ್ತನ್ನು ದೇವೀರಿಯ ಕೈಗೆ ಹಾಕಿದಳು. ನೋಡುತ್ತಿದ್ದವರು ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದು ಕೂತರು. ತಮ್ಮನ್ನು ಉಳಿಸಿದ ಅಜ್ಜಿಯ ಕೈಯಿಂದ ಒಂದು ತುತ್ತು ಎಲ್ಲರಿಗೂ ಬೇಕಿತ್ತು. ರಾಜನೂ ಕಿರೀಟ ತೆಗೆದಿಟ್ಟು ಕೂತ. ಸಾಲಿನ ಕೊನೆಯಲ್ಲಿ ಒಬ್ಬ ಮುದುಕ ತಲೆ ತಗ್ಗಿಸಿಕೊಂಡು ನಿಂತಿದ್ದ.

"ನಿಂತರೆ ಹೇಗೆ? ಕೂತ್ಕೊಂಡು ಕೈ ಚಾಚು" ಎಂದಳು ಅಜ್ಜಿ. ಹುಳಿಮಾರ ಕೈ ಚಾಚಿದ. ಅವನ ಅಂಗೈಗೂ ಎಲ್ಲರಿಗೆ ಬಿದ್ದಷ್ಟೇ ದೊಡ್ಡ ತುತ್ತು ಬಿತ್ತು.

ಅಂದಿನಿಂದ ರಸಾವತಿಯಲ್ಲಿ ನದಿ ಸಿಹಿಯಾಗಿ ಹರಿಯಿತು, ಒಲೆಗಳು ಹದವಾಗಿ ಉರಿದವು, ಜನ ಒಬ್ಬರಿಗೊಬ್ಬರು ಆಸರೆಯಾಗಿ ಸುಖವಾಗಿ ಬಾಳಿದರು. ಅವರ ಸುಖದಲ್ಲಿ ಒಂದು ಪಾಲು ಕೇಳಿದವರ ಮನೆಗೂ ಬರಲಿ.