ಮಂಜಿನಪುರದ ಮಾತಾಡುವ ಗಡಿಯಾರ

ಬಹಳ ಹಿಂದೆ ಸೂರ್ಯನೇ ಕಾಣದ ಒಂದು ರಾಜ್ಯವಿತ್ತು. ಅದರ ಹೆಸರು ಮಂಜಿನಪುರ. ಅಲ್ಲಿ ಬೆಳಗೂ ಬೂದು, ಸಂಜೆಯೂ ಬೂದು. ಸಂಜೆ ಆರಾದರೆ ಮಾಂತ್ರಿಕ ಜಡಕೇಶ ಸಾಕಿದ ಮಂಜಿನ ಹುಲಿಗಳು ಕಾಡಿನಿಂದ ಹೊರಡುತ್ತಿದ್ದವು. ಅವು ಮುಟ್ಟಿದವರು ಹೊಗೆಯಾಗಿ ಕರಗುತ್ತಿದ್ದರು.

ಅದಕ್ಕೇ ಅರಮನೆಯ ಬುರುಜಿನಲ್ಲಿ ಒಂದು ಮಾಯಾ ಲ್ಯಾಪ್‌ಟಾಪ್ ಇತ್ತು. ಅದರೊಳಗಿನ ಗಡಿಯಾರ ಬಾಯಿಬಿಟ್ಟು ಹೊತ್ತು ಹೇಳುತ್ತಿತ್ತು. ಕೋಟೆಯ ಕಹಳೆಗಳು ಆ ದನಿಯನ್ನು ಕಾಡಿನವರೆಗೆ ಮುಟ್ಟಿಸುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವಳು ರಾಜ ಕಲಿಯರಸನ ಹಿರಿಯ ಮಗಳು ಬಾಚಲೆ.

ಒಂದು ದಿನ ಊಟದ ಹೊತ್ತು ಕಳೆದ ಮೇಲೆ ಗಡಿಯಾರ ಮಾತು ನಿಲ್ಲಿಸಿತು. ಅವಳ ತಂಗಿ ನಾಗಲೆ ಜೇನು ಕೀಳುವವರ ಜೊತೆ ಕಾಡಿಗೆ ಹೋಗಿದ್ದಳು. ಬಾಚಲೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಹೊತ್ತೆಷ್ಟು ಮಗಳೇ?" ಎಂದು ರಾಜ ಏದುಸಿರು ಬಿಡುತ್ತ ಬಂದ.

"ತಿಳಿಯುತ್ತಿಲ್ಲ ಅಪ್ಪಾಜಿ. ಲ್ಯಾಪ್‌ಟಾಪಿನ ಪರದೆಗೂ ಮಂಜು ಕವಿದಿದೆ. ಇದು ಜಡಕೇಶನ ಕೆಲಸ."

"ಸವಾರರನ್ನು ಕಳಿಸಿದ್ದೇನೆ. ಆದರೆ ಹುಲಿ ಬರುವ ಮೊದಲು ಹೆಬ್ಬಾಗಿಲು ಹಾಕಲೇಬೇಕು. ಒಳಗೂ ಮಕ್ಕಳಿದ್ದಾರೆ."

ಬಾಚಲೆ ಪರದೆಯ ಮೇಲೆ ಕೈಯಿಟ್ಟಳು. ಅದು ನೀರಿನಂತೆ ದಾರಿ ಬಿಟ್ಟುಕೊಟ್ಟಿತು. ಅವಳು ಒಳಗೆ ಹೋದಳು.

ಮೊದಲು ಸಿಕ್ಕಿದ್ದು ದನಿಯ ಕೋಣೆ. ದನಿಯ ಗುಂಡಿಯನ್ನು ಒತ್ತಿಕೊಂಡು ಕರಿನಾಗರವೊಂದು ಮಲಗಿತ್ತು.

"ಏಳು ನಾಗಪ್ಪ, ದನಿ ಸತ್ತುಹೋಗಿದೆ."

"ಇಲ್ಲಿ ಬೆಚ್ಚಗಿದೆ. ಇದಕ್ಕಿಂತ ಬೆಚ್ಚಗಿನ ಜಾಗ ಕೊಟ್ಟರೆ ಏಳುತ್ತೇನೆ."

ಬಾಚಲೆ ಕಣ್ಣುಮುಚ್ಚಿ ತೋಳು ಚಾಚಿದಳು. ಹಾವು ತೋಳಿಗೆ ಸುತ್ತಿಕೊಂಡಿತು. ಗುಂಡಿ ಮೇಲೆದ್ದಿತು, ದನಿ ಬಂತು. "ಈಗ ಬೆಳಗಿನ ಜಾವ" ಎಂದಿತು ಗಡಿಯಾರ.

ಹೊತ್ತು ತಪ್ಪಾಗಿತ್ತು. ಅವಳು ಮುಂದಿನ ಕೋಣೆಗೆ ಓಡಿದಳು.

ಎರಡನೆಯದು ಊರುಗಳ ಕೋಣೆ. ಗಡಿಯಾರ ಯಾವ ಊರಿನ ಹೊತ್ತು ಹೇಳಬೇಕೆಂದು ತೀರ್ಮಾನವಾಗುತ್ತಿದ್ದುದು ಅಲ್ಲೇ. ಸುಡುವ ಸರಪಳಿಯಲ್ಲಿ ಕಟ್ಟಿಹಾಕಿದ ಗೂಬೆಯೊಂದು ಅಲ್ಲಿತ್ತು.

"ಏಳು ಸಮುದ್ರದಾಚೆಯ ನನ್ನ ಊರಲ್ಲಿ ಈಗ ಬೆಳಗಾಗುತ್ತಿದೆ ತಾಯಿ. ಜಡಕೇಶ ಅದನ್ನೇ ಹೇಳಿಸುತ್ತಿದ್ದಾನೆ" ಎಂದು ಗೂಬೆ ಅತ್ತಿತು.

ಬಾಚಲೆ ಬರಿಗೈಯಲ್ಲೇ ಸರಪಳಿ ಎಳೆದು ಕಿತ್ತಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಗೂಬೆ ಹಾರಿಹೋಯಿತು. ಅವಳು ಮಂಜಿನಪುರದ ಹೆಸರನ್ನು ಅದರ ಜಾಗಕ್ಕೆ ಸರಿಸಿದಳು.

ಮೂರನೆಯ ಕೋಣೆಯಲ್ಲಿ ಒಂದಲ್ಲ, ಎರಡು ಗಡಿಯಾರಗಳಿದ್ದವು. ಒಂದೇ ಮುಖ, ಒಂದೇ ದನಿ.

"ಈಗ ಸಂಜೆ ಐದೂವರೆ" ಎಂದಿತು ಒಂದು.

"ಈಗ ಮಧ್ಯಾಹ್ನ ಮೂರು" ಎಂದಿತು ಇನ್ನೊಂದು.

ಎರಡೂ ಮಾತು ಒಂದರ ಮೇಲೊಂದು ಬಿದ್ದು, ಹೊರಗೆ ಕಹಳೆಗಳು ಅರ್ಥವಿಲ್ಲದೆ ಊಳಿಟ್ಟವು. ತಪ್ಪಿ ನಿಜವಾದದ್ದನ್ನು ಅಳಿಸಿದರೆ ರಾಜ್ಯಕ್ಕೆ ಇನ್ನೆಂದೂ ಹೊತ್ತು ತಿಳಿಯದು. ಬಾಚಲೆ ಅದನ್ನೂ ಇದನ್ನೂ ಬಹಳ ಹೊತ್ತು ನೋಡಿದಳು. ಕೊನೆಗೆ ಹೇಳಿದಳು: "ಯಾವುದನ್ನು ನಂಬಲಿ? ಎರಡನ್ನೂ ಅಳಿಸಿಬಿಡುತ್ತೇನೆ."

"ಬೇಡ ಮಗಳೇ. ನಿನ್ನಜ್ಜನ ಕಾಲದಿಂದ ದುಡಿದವನು ನಾನು. ಸುಳ್ಳುಗಾರ ಅವನು" ಎಂದು ಒಂದು ಗಡಿಯಾರ ಅಂಗಲಾಚಿತು.

"ಈಗ ಸಂಜೆ ಐದೂ ನಲವತ್ತು" ಎಂದಿತು ಇನ್ನೊಂದು.

ಬಾಚಲೆಗೆ ತಿಳಿಯಿತು. ಹೊತ್ತು ಹೇಳುವುದು ಬಿಟ್ಟರೆ ಗಡಿಯಾರಕ್ಕೆ ಬೇರೆ ಮಾತೇ ಬಾರದು. ಅಂಗಲಾಚಿದ್ದನ್ನು ಎತ್ತಿ ಕಸದ ಬುಟ್ಟಿಗೆ ಎಸೆದು, ಬುಟ್ಟಿಯನ್ನೇ ಬರಿದು ಮಾಡಿದಳು. ಆ ವೇಷದಲ್ಲಿದ್ದವನು ಜಡಕೇಶನೇ. ಅವನ ಕೂಗೊಂದು ಕೇಳಿ, ಅವನ ಜೊತೆಗೇ ಅಡಗಿತು.

"ಈಗ ಸಂಜೆ ಐದೂ ನಲವತ್ತೈದು" ಎಂದು ಕಹಳೆಗಳು ಸ್ಪಷ್ಟವಾಗಿ ಮೊಳಗಿದವು.

ಬಾಚಲೆ ಹೊರಬಿದ್ದು ಹೆಬ್ಬಾಗಿಲಿಗೆ ಓಡಿದಳು. ಹಾವು ಅವಳ ತೋಳಿನಿಂದಿಳಿದು ಕಲ್ಲುಗಳ ನಡುವೆ ಸರಿದುಹೋಯಿತು. ಸವಾರರು ಬಂದರು. ಜೇನಿನವರು ಬಂದರು. ಎಲ್ಲರ ಕೊನೆಗೆ, ಕುಂಟುತ್ತಿದ್ದ ಮುದುಕನೊಬ್ಬನ ಕೈ ಹಿಡಿದು ನಾಗಲೆ ಬಂದಳು. ಅಕ್ಕ ಅವಳನ್ನು ಅಪ್ಪಿಕೊಂಡಳು.

ಆರಾಯಿತು. ಹುಲಿಗಳು ಕಾಡಿನಂಚಿಗೆ ಬಂದವು. ಒಡೆಯನಿಲ್ಲದ ಅವು ಅಲ್ಲೇ ಇಬ್ಬನಿಯಾಗಿ ಹುಲ್ಲಿನ ಮೇಲೆ ಇಳಿದವು. ಅವುಗಳ ಜೊತೆಗೇ ಮಂಜೂ ಹರಿಯಿತು. ಅದರ ಹಿಂದೆ ಕೆಂಪಗೆ, ದುಂಡಗೆ ಸೂರ್ಯ ಕಂಡ.

ಮಂಜಿನಪುರದವರು ಸೂರ್ಯ ಮುಳುಗುವುದನ್ನು ಎಂದೂ ನೋಡಿರಲಿಲ್ಲ. ರಾಜನಿಂದ ಹಿಡಿದು ಕೂಸಿನವರೆಗೆ ಎಲ್ಲರೂ ಕೋಟೆಯ ಹೊರಗೆ ಹುಲ್ಲಿನ ಮೇಲೆ ಕೂತು, ಕತ್ತಲಾಗುವವರೆಗೂ ನೋಡಿದರು. ಆಮೇಲೆ ಬದುಕಿದಷ್ಟು ಕಾಲವೂ ಅವರು ಸುಖವಾಗಿದ್ದರು. ಹೆಬ್ಬಾಗಿಲನ್ನು ಮತ್ತೆ ಯಾರೂ ಹಾಕಲಿಲ್ಲ.