ಹಳದಿ ವ್ಯಾನಿಗೆ ಅಡ್ಡ ನಿಂತವಳು

“ನಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವವರು ನೀವೇ ಅಲ್ವಾ?”

ಮಣ್ಣಿನ ರಸ್ತೆಯ ನಡುವೆ ಕೊಡೆ ಹಿಡಿದು ನಿಂತ ಹುಡುಗಿಯನ್ನು ಕಂಡು ಪ್ರತೀಕ್ ಹಳದಿ ವ್ಯಾನ್ ನಿಲ್ಲಿಸಿದ. ಕಾರ್ಕಳದ ಇಂಗ್ಲಿಷ್ ಮೀಡಿಯಂ ಶಾಲೆಗೆ ಊರಿನ ಮಕ್ಕಳನ್ನು ಒಯ್ಯುವ ಡ್ರೈವರ್ ಅವನು. ಅವಳು ಕುಶಲಾ. ಕಾಪುವಿನವಳು, ಊರಿನ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಆಗಷ್ಟೇ ಸೇರಿದ್ದಳು. ಮಕ್ಕಳು ಇನ್ನೂ ಕಡಿಮೆಯಾದರೆ ಆ ಶಾಲೆಯನ್ನು ಮುಚ್ಚಿ ಪಕ್ಕದೂರಿನ ಶಾಲೆಗೆ ಸೇರಿಸುವ ಮಾತಿತ್ತು.

“ನಾನೆಂತ ಕದ್ದುಕೊಂಡು ಹೋಗುವುದಿಲ್ಲ ಟೀಚರ್. ಅಮ್ಮಂದಿರೇ ಹತ್ತಿಸಿ ಕಳಿಸುವುದು.”

“ಯಾಕೆ?”

ಆ ದನಿಯಲ್ಲಿ ಜಗಳವಿರಲಿಲ್ಲ. ಪ್ರತೀಕ್ ಎಂಜಿನ್ ಆಫ್ ಮಾಡಿದ. “ಇಂಗ್ಲಿಷ್ ಒಂದು. ಮತ್ತೆ, ಅವರೆಲ್ಲ ಬೆಳಿಗ್ಗೆ ಬೇಗ ಗೇರುಬೀಜದ ಫ್ಯಾಕ್ಟರಿಗೆ ಹೋಗುವವರು. ನಿಮ್ಮ ಶಾಲೆ ತೆರೆಯುವವರೆಗೆ ಮಕ್ಕಳನ್ನು ಯಾರು ನೋಡಿಕೊಳ್ಳುವುದು?”

“ಇದನ್ನು ನನಗೆ ಯಾರೂ ಹೇಳಿರಲಿಲ್ಲ,” ಎಂದಳು. ಅವಳ ಮುಂಗುರುಳಿಗೆ ಅಂಟಿದ್ದ ಮಳೆಹನಿಯ ಮೇಲೆ ನಿಂತ ಕಣ್ಣನ್ನು ಅವನು ಬೇಗ ಸ್ಟೇರಿಂಗಿನ ಕಡೆ ತಿರುಗಿಸಿದ. ಹಿಂದಿನ ಸೀಟಿನ ಮಕ್ಕಳು ಕಿಸಕ್ಕೆಂದು ನಕ್ಕವು.

ಕುಶಲಾ ಹೆಡ್‌ಮಾಸ್ಟರನ್ನು ಒಪ್ಪಿಸಿ ಬೆಳಿಗ್ಗೆ ಬೇಗನೆ ಶಾಲೆ ತೆರೆಯತೊಡಗಿದಳು. ಆಟ, ಹಾಡು, ಇಂಗ್ಲಿಷಿನಲ್ಲಿ ಕತೆ. ಒಂದೆರಡು ಮನೆಯವರು ಮಕ್ಕಳನ್ನು ಕಳಿಸಿದರು, ಆಮೇಲೆ ಅವರ ನೆರೆಯವರೂ ಕಳಿಸಿದರು. ಊರಿನ ಹಳ್ಳದಾಚೆಯ ಮಕ್ಕಳಿಗೆ ಮಾತ್ರ ದಾರಿ ದೂರ. ಅವರನ್ನು ಪ್ರತೀಕ್ ಕಾರ್ಕಳದ ಟ್ರಿಪ್‌ಗೂ ಮೊದಲೇ ಅದೇ ಹಳದಿ ವ್ಯಾನಿನಲ್ಲಿ ತಂದು ಬಿಡುತ್ತಿದ್ದ. ಗೇಟಿನಲ್ಲಿ ಅವಳದೊಂದು ನಗು ಸಿಗುತ್ತಿತ್ತು. ಅದಕ್ಕಾಗಿಯೂ ಬರುತ್ತೇನೆಂದು ಅವನು ಯಾರಿಗೂ ಹೇಳಲಿಲ್ಲ.

ದಸರಾ ರಜೆ ಮುಗಿದ ಮೇಲೆ ಮಕ್ಕಳು ಹಳದಿ ವ್ಯಾನಿನ ಬದಲು ಪ್ರತೀಕ್ ತಂದ ಹಳೆಯ ಓಮ್ನಿ ಕಾರಿನಿಂದ ಇಳಿದರು. ತಮ್ಮ ವ್ಯಾನಿನಲ್ಲಿ ಈ ಶಾಲೆಗೆ ಮಕ್ಕಳನ್ನು ತಂದದ್ದಕ್ಕೆ ಕಾರ್ಕಳದ ಶಾಲೆಯವರು ಅವನನ್ನು ಕೆಲಸದಿಂದ ತೆಗೆದಿದ್ದಾರೆಂದು ಒಬ್ಬ ತಾಯಿ ಹೇಳಿದಳು. ಕುಶಲಾ ನೇರ ಅವನ ಬಳಿ ಬಂದಳು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀವು ಮಕ್ಕಳನ್ನು ತರುವುದೇ ಬೇಡ ಅನ್ನುತ್ತಿದ್ದಿರಿ.”

“ಇನ್ನೆಂತ ಮಾಡುತ್ತೀರಿ?”

“ಮಣಿಪಾಲದಲ್ಲಿ ಕ್ಯಾಟರಿಂಗ್‌ನವರ ಊಟ ಸಾಗಿಸುವ ಕೆಲಸ ಉಂಟು. ಇವರನ್ನು ಇಲ್ಲಿ ಇಳಿಸಿ ಹೋದರೂ ಅಲ್ಲಿಗೆ ಸಮಯ ಸಾಕು. ಅಳಬೇಡಿ ಮಾರಾಯ್ರೆ, ಮಕ್ಕಳು ನೋಡುತ್ತಾರೆ.”

“ಅಳುವುದಲ್ಲ. ಸಿಟ್ಟು ಬಂದದ್ದು,” ಎಂದಳು, ಕಣ್ಣೊರೆಸಿಕೊಳ್ಳುತ್ತ.

ಮರುವರ್ಷ ಒಂದನೇ ತರಗತಿಯ ಬೆಂಚುಗಳು ತುಂಬಿದವು. ಶಾಲೆ ಮುಚ್ಚುವ ಮಾತು ನಿಂತಿತು. ಮಕ್ಕಳು ಹೆಚ್ಚಿದ್ದರಿಂದ ಇಲಾಖೆ ಕಾಯಂ ಶಿಕ್ಷಕಿಯನ್ನೇ ಕಳಿಸಿತು, ಅತಿಥಿ ಶಿಕ್ಷಕಿಗೆ ಜಾಗ ಉಳಿಯಲಿಲ್ಲ. ಹೆಬ್ರಿಯ ಕಡೆಯ ಇನ್ನೊಂದು ಬಡ ಶಾಲೆಯವರು ಅವಳನ್ನು ಕರೆದರು.

ಕೊನೆಯ ದಿನ ಇಬ್ಬರೂ ಬಸ್‌ಸ್ಟಾಪಿನಲ್ಲಿ ನಿಂತಿದ್ದರು.

“ಎಂತಾದರೂ ಹೇಳಲಿಕ್ಕೆ ಉಂಟಾ?” ಅವಳೇ ಕೇಳಿದಳು.

“ಉಂಟು. ಆದರೆ ಅದನ್ನು ಕೇಳಿ ನೀವು ಹೆಬ್ರಿಯ ಆ ಶಾಲೆ ಬಿಡಬಾರದು.”

“ನಾನು ಬಿಡುವುದಿಲ್ಲ. ನೀವು ಹೇಳಿ.”

ಅವನು ಬಾಯಿ ತೆರೆದ. ಹಾಗೆಯೇ ಬಸ್ ಬರುವ ದಾರಿಯ ಕಡೆ ತಿರುಗಿದ. ಅವಳು ಅವನ ಕೆಂಪೇರಿದ ಕಿವಿಗಳನ್ನು ನೋಡಿ ಮೆಲ್ಲಗೆ ನಕ್ಕಳು.

“ನನಗೆ ಗೊತ್ತುಂಟು ಪ್ರತೀಕ್, ನನಗೂ ಹಾಗೇ. ಇನ್ನು ಹೇಳಬೇಕಾದದ್ದು ಅಮ್ಮನಿಗೆ. ಭಾನುವಾರ ಕಾಪುವಿಗೆ ಬನ್ನಿ. ಅಲ್ಲಿ ಬಂದು ಹೀಗೆ ಬಾಯಿ ತೆರೆದುಕೊಂಡು ಕೂರಬೇಡಿ.”

ಬಸ್ ಬಂದು ನಿಂತಿತು. ಅವಳ ಬ್ಯಾಗನ್ನು ಎತ್ತಿ ಕೊಟ್ಟ ಅವನ ಕೈಯನ್ನು ಅವಳು ತಕ್ಷಣ ಬಿಡಲಿಲ್ಲ. ಕಂಡಕ್ಟರ್ ರೈಟ್ ಹೇಳಲು ಸ್ವಲ್ಪ ತಡ ಮಾಡಿದ.